ಎಸಿಗೆ ಹೋದೆ, ಏರ್‌ಬ್ಯಾಗ್ ಬಿಚ್ಚುವುದನ್ನು ನೋಡಿ ಬಂದೆ: ವಿಜಯಪುರದ ಸೋಲಾಪುರ ರಸ್ತೆಯ ಕಾರ್ ಎಸಿ ಗ್ಯಾರೇಜ್

ಐದಕ್ಕೆ ನಾಲ್ಕು ಸ್ಟಾರ್. ಎಸಿ ಈಗ ತಣ್ಣಗೆ ಬರುತ್ತಿದೆ, ಅದಕ್ಕೆ ಒಂದು. ಉಳಿದ ಮೂರೂ ಇವರು ಡ್ಯಾಶ್‌ಬೋರ್ಡಿನಿಂದ ಎಡಗಡೆಯ ಏರ್‌ಬ್ಯಾಗ್ ಬಿಚ್ಚಿ, ಜೋಪಾನವಾಗಿ ಇಟ್ಟು, ಮತ್ತೆ ಅದರ ಜಾಗಕ್ಕೇ ಕೂರಿಸಿದ ರೀತಿಗೆ.

ಎಸಿ ರಿಪೇರಿಗೆ ಹೋದವರು ಏರ್‌ಬ್ಯಾಗ್ ಬಗ್ಗೆ ಯಾಕೆ ಬರೆಯಬೇಕು ಅಂತ ಕೇಳಬಹುದು. ನಮ್ಮದು 2017ರ ಸಣ್ಣ ಕಾರು. ಆಗ ಎರಡು ಏರ್‌ಬ್ಯಾಗ್ ಬೇಕು ಅಂತಲೇ ಜಾಸ್ತಿ ದುಡ್ಡು ಕೊಟ್ಟು ಮೇಲಿನ ಮಾಡೆಲ್ ತಗೊಂಡಿದ್ದೆವು. ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಪಕ್ಕದ ಸೀಟಿನದು ಹೊಸ ಮಾಡೆಲ್‌ಗಳಿಗೆ ಕಡ್ಡಾಯ ಆಗಿದ್ದು 2021ರ ಏಪ್ರಿಲ್‌ನಲ್ಲಿ. ಅಂದರೆ ನಮ್ಮ ಕಾರಿನ ಎಡಗಡೆಯ ಬ್ಯಾಗ್ ಸರ್ಕಾರ ಹೇಳಿದ್ದಕ್ಕೆ ಬಂದದ್ದಲ್ಲ, ನಾವು ಕೇಳಿ ಹಾಕಿಸಿಕೊಂಡದ್ದು. ಆ ಸೀಟಿನಲ್ಲಿ ಕೂರುವುದು ಹೆಚ್ಚಾಗಿ ನಮ್ಮ ಅತ್ತೆ.

ಕಳೆದ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಿದ್ದೆ. ದೀಪಾವಳಿ ಹೊತ್ತಿಗೆ ಮತ್ತೆ ಬರೀ ಗಾಳಿ. ಗ್ಯಾಸ್ ಎಲ್ಲೋ ಸೋರುತ್ತಿದೆ ಅಂತಾಯಿತು. ಪೈಪುಗಳಲ್ಲಿ ಏನೂ ಇಲ್ಲ, ಮುಂದಿನ ಕಂಡೆನ್ಸರ್ ಸರಿ ಇದೆ. ಉಳಿದದ್ದು ಕೂಲಿಂಗ್ ಕಾಯಿಲ್. ಅದು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ತೆಗೆದು ಪಕ್ಕದಿಂದಲೇ ಎಳೆಯಬಹುದಂತೆ. ನಮ್ಮದರಲ್ಲಿ ಆಗುವುದಿಲ್ಲ. ಇಡೀ ಡ್ಯಾಶ್‌ಬೋರ್ಡ್ ಹೊರಗೆ ಬರಬೇಕು. ಡ್ಯಾಶ್‌ಬೋರ್ಡ್ ಬರಬೇಕಾದರೆ ಮೊದಲು ಏರ್‌ಬ್ಯಾಗ್ ಬಿಚ್ಚಬೇಕು.

ಈ ಗ್ಯಾರೇಜಿಗೆ ಬರುವ ಮುಂಚೆ ಇನ್ನೊಂದು ಕಡೆ ಕೇಳಿದ್ದೆ. ಹೆಸರು ಬೇಡ. ಅಲ್ಲಿನವರು ರೇಟ್ ಕಡಿಮೆ ಹೇಳಿದರು. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರು. "ಮೇಡಂ, ಏರ್‌ಬ್ಯಾಗ್ ತಗದ ಬಿಡೋಣ್ರಿ. ಪದೇ ಪದೇ ಬಿಚ್ಚೂದು ಹಚ್ಚೂದು ಯಾಕ? ಒಂದ್ ಸಣ್ಣ ರೆಸಿಸ್ಟರ್ ಹಚ್ಚಿದ್ರ ಮೀಟರ್‌ನ್ಯಾಗ ಲೈಟ್ ಬರಂಗಿಲ್ಲ. ಊರಾಗ ಅಷ್ಟ್ ಜೋರ್ ಯಾರ್ ಹೊಡಿತಾರ್ರಿ?" ನಗುತ್ತಲೇ ಹೇಳಿದರು. ನಾನು ಕಾರು ತಿರುಗಿಸಿಕೊಂಡು ಬಂದೆ.

ನನ್ನದು ಮೆಡಿಕಲ್ ಶಾಪ್. ಹಾಗಾಗಿ ಆ ಮಾತು ನನಗೆ ಬೇರೆ ಥರ ಕೇಳಿಸಿತು. ಕೀ ಆನ್ ಮಾಡಿದಾಗಲೆಲ್ಲ ಏರ್‌ಬ್ಯಾಗಿನ ಕಂಟ್ರೋಲ್ ಬಾಕ್ಸ್ ತನ್ನ ವೈರುಗಳನ್ನು ಪರೀಕ್ಷೆ ಮಾಡಿಕೊಳ್ಳುತ್ತದೆ. ಬ್ಯಾಗಿಗೆ ಕಿಡಿ ಕೊಡುವ ಭಾಗದ ರೆಸಿಸ್ಟೆನ್ಸ್ ಇಷ್ಟಿರಬೇಕು ಅಂತ ಲೆಕ್ಕ ಇದೆ. ಅದು ಸಿಕ್ಕರೆ ಎಲ್ಲ ಸರಿ ಅಂತ ಲೈಟ್ ಆರಿಸುತ್ತದೆ. ಅಷ್ಟೇ ರೆಸಿಸ್ಟೆನ್ಸಿನ ಒಂದು ತುಂಡು ಅಲ್ಲಿ ಸಿಕ್ಕಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಖಾಲಿ ಪೆಟ್ಟಿಗೆಗೆ ಲೇಬಲ್ ಅಂಟಿಸಿ ಔಷಧಿ ಅಂತ ಮಾರಿದ ಹಾಗೆ. ನಾಳೆ ಈ ಕಾರನ್ನು ಮಾರಿದರೆ ಕೊಂಡವರಿಗೂ ಡ್ಯಾಶ್‌ಬೋರ್ಡ್ ಮೇಲೆ 'ಏರ್‌ಬ್ಯಾಗ್' ಎಂಬ ಅಕ್ಷರ ಮಾತ್ರ ಕಾಣುತ್ತದೆ.

ಸರಿ, ಈ ಗ್ಯಾರೇಜಿನ ವಿಷಯ. ಬಿ.ಎಲ್.ಡಿ.ಇ. ಆಸ್ಪತ್ರೆ ದಾಟಿ ಸೋಲಾಪುರ ಕಡೆ ಹೋಗುವಾಗ ಸಿಗುತ್ತದೆ. ಮುಂದೆ ತಗಡಿನ ಶೆಡ್, ಹಿಂದೆ ಒಂದು ಕೋಣೆ, ಪಕ್ಕದಲ್ಲಿ ಬೇವಿನ ಮರ. ನೋಡಿದರೆ ಅಂಥ ನಂಬಿಕೆ ಏನೂ ಬರುವುದಿಲ್ಲ. ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಇಬ್ಬರು ಹುಡುಗರಿದ್ದಾರೆ. ರೆಸಿಸ್ಟರ್ ಮಾತು ಹೇಳಿದಾಗ ಚಾಚಾ ಯಾರನ್ನೂ ಬೈಯಲಿಲ್ಲ. "ಅದನ್ನ ಮಾಡೂದಾದ್ರ ನಮ್ಮ ಕಡೆ ಬರಬ್ಯಾಡ್ರಿ ಅಕ್ಕಾರ" ಅಂದರು. ಆಮೇಲೆ ಗಾಡಿಯ ಚಾಸಿ ನಂಬರ್ ಕೇಳಿದರು.

ಎಸಿಗೆ ಚಾಸಿ ನಂಬರ್ ಯಾಕೆ? ಬಿಚ್ಚುವ ಮುಂಚೆ ಆ ಏರ್‌ಬ್ಯಾಗ್ ಕಂಪನಿಯವರು ವಾಪಸ್ ಕರೆದ ಪಟ್ಟಿಯಲ್ಲಿ ಇದೆಯಾ ಅಂತ ನೋಡಬೇಕಂತೆ. ಕಾರು ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ತಿಳಿಯುತ್ತದೆ. ನನ್ನ ಫೋನಿನಲ್ಲೇ ನೋಡಿದೆವು. ನಮ್ಮದು ಇರಲಿಲ್ಲ. ಇದ್ದಿದ್ದರೆ ತಾವು ಕೈ ಹಚ್ಚುತ್ತಿರಲಿಲ್ಲ, ಷೋರೂಮಿಗೇ ಕಳಿಸುತ್ತಿದ್ದೆವು, ಅಲ್ಲಿ ಪುಕ್ಕಟೆ ಬದಲಿಸಿ ಕೊಡುತ್ತಾರೆ ಅಂದರು.

ಈ ವಾಪಸ್ ಕರೆಯುವ ಕತೆ ನಮ್ಮೂರಿನವರು ತಿಳಿದುಕೊಂಡಿರಬೇಕು. ಜಪಾನಿನ ತಕಾಟಾ ಎಂಬ ಕಂಪನಿ ಹತ್ತಾರು ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಮಾಡಿ ಕೊಡುತ್ತಿತ್ತು. ಬ್ಯಾಗ್ ಉಬ್ಬಿಸುವ ಗ್ಯಾಸಿಗೆ ಅವರು ಅಮೋನಿಯಂ ನೈಟ್ರೇಟ್ ಬಳಸಿದರು. ಗೊಬ್ಬರದಲ್ಲೂ ಕಲ್ಲುಗಣಿಯ ಮದ್ದಿನಲ್ಲೂ ಇರುತ್ತದಲ್ಲ, ಅದೇ. ವರ್ಷಗಟ್ಟಲೆ ಸೆಕೆ, ತೇವ, ಹಗಲಿನ ಬಿಸಿ, ರಾತ್ರಿಯ ತಂಪು ತಿಂದು ತಿಂದು ಆ ಮದ್ದಿನ ಬಿಲ್ಲೆಗಳು ಹಾಳಾದವು. ಹಾಳಾದದ್ದು ಉರಿಯಬೇಕಾದ್ದಕ್ಕಿಂತ ಜೋರಾಗಿ ಉರಿದು, ಲೋಹದ ಡಬ್ಬಿಯೇ ಒಡೆದು, ಚೂರುಗಳು ಕೂತವರಿಗೆ ಬಡಿದವು. ಜನ ಸತ್ತರು. ಜಗತ್ತಿನ ತುಂಬ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆದರು, ನಮ್ಮ ದೇಶದಲ್ಲೂ ಕರೆದರು. 2017ರಲ್ಲಿ ತಕಾಟಾ ದಿವಾಳಿ ಎದ್ದಿತು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರು ಬಯಲಲ್ಲೇ ನಿಂತಿರುತ್ತದೆ. ಹಳೆಯ ಕಾರು ಸೆಕೆಂಡ್‌ಹ್ಯಾಂಡ್ ತಗೊಂಡವರು ಒಂದು ಸಲ ಚಾಸಿ ನಂಬರ್ ಹಾಕಿ ನೋಡಿಬಿಡಿ. ದುಡ್ಡು ಖರ್ಚಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಬಿಟ್ಟೆ. ಬಿಟ್ಟು ಹೋಗಬಹುದಿತ್ತು, ಅಂಗಡಿ ನೋಡಿಕೊಳ್ಳಲು ತಮ್ಮ ಇದ್ದ. ನಾನು ಸುಮ್ನೆ ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ನೋಡಬೇಡಿ ಅಂತ ಯಾರೂ ಹೇಳಲಿಲ್ಲ. ಇದಕ್ಕೂ ಅರ್ಧ ಸ್ಟಾರ್ ಕೊಡಬೇಕು.

ಮೊದಲು ಸ್ಟೇರಿಂಗ್ ನೇರ ಮಾಡಿ, ಕೀ ತೆಗೆದು, ಕೀಯನ್ನು ಚಾಚಾ ತಮ್ಮ ಜೇಬಿಗೆ ಹಾಕಿಕೊಂಡರು. ಹುಡುಗರ ಕೈಗೆ ಕೊಡಲಿಲ್ಲ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಅದರ ತುದಿಗೆ ಬಟ್ಟೆ ಸುತ್ತಿ, ತಿರುಗಿ ತಾಗದ ಹಾಗೆ ದೂರ ಸರಿಸಿದರು. ಆಮೇಲೆ ಎಲ್ಲರೂ ಚಹಾ ಕುಡಿಯಲು ಹೋದರು! ನನಗೆ ಸ್ವಲ್ಪ ಸಿಟ್ಟು ಬಂತು. ಕೆಲಸ ಶುರು ಮಾಡಿಲ್ಲ, ಆಗಲೇ ಚಹಾ?

"ಈಗ ಮುಟ್ಟಂಗಿಲ್ರಿ ಅಕ್ಕಾರ. ಬ್ಯಾಟರಿ ತಗದ್ರೂ ಒಳಗ ಕರೆಂಟ್ ಉಳದಿರ್ತದ."

ವಿಷಯ ಇಷ್ಟು. ಗಾಡಿ ಗುದ್ದಿದಾಗ ಬ್ಯಾಟರಿಯೇ ಜಜ್ಜಿ ಹೋಗಬಹುದು, ವೈರ್ ಕತ್ತರಿಸಿ ಹೋಗಬಹುದು. ಆಗಲೂ ಬ್ಯಾಗ್ ತೆರೆದುಕೊಳ್ಳಬೇಕು ಅಲ್ವಾ? ಅದಕ್ಕೆ ಕಂಟ್ರೋಲ್ ಬಾಕ್ಸಿನಲ್ಲಿ ಕೆಪಾಸಿಟರ್ ಇರುತ್ತದೆ. ಬ್ಯಾಗ್ ಹಾರಿಸುವಷ್ಟು ಕರೆಂಟ್ ಅದರಲ್ಲಿ ಕೂಡಿರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ಅದು ತಾನಾಗಿಯೇ ಇಳಿಯಬೇಕು. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಒಂದೊಂದು ಕಾರಿಗೆ ಒಂದೊಂದು ಥರ. ಕೆಲವು ಕಂಪನಿಗಳ ಪುಸ್ತಕದಲ್ಲಿ ಒಂದೆರಡು ನಿಮಿಷ, ಕೆಲವದರಲ್ಲಿ ಹತ್ತು ನಿಮಿಷ ಇರುತ್ತದೆ. ಚಾಚಾ ಯಾವ ಗಾಡಿಯಾದರೂ ಒಂದು ಚಹಾ, ಒಂದು ತಂಬಾಕು ಮುಗಿಯುವವರೆಗೆ ಕಾಯುತ್ತಾರೆ. ಪುಸ್ತಕಕ್ಕಿಂತ ಜಾಸ್ತಿಯೇ ಆಗುತ್ತದೆ.

ವಾಪಸ್ ಬಂದು ಗ್ಲೋವ್ ಬಾಕ್ಸ್ ಇಳಿಸಿದರು. ಎರಡೂ ಬದಿ ಒಳಕ್ಕೆ ಒತ್ತಿದರೆ ಅದು ಕೆಳಗೆ ಜೋತು ಬೀಳುತ್ತದೆ. ಅದರ ಕಿಂಡಿಯಿಂದ ಟಾರ್ಚ್ ಹಚ್ಚಿ ನನಗೂ ತೋರಿಸಿದರು. ಮೇಲ್ಗಡೆ ಇಟ್ಟಿಗೆಗಿಂತ ದಪ್ಪದ ಒಂದು ಲೋಹದ ಡಬ್ಬಿ, ಅದರಿಂದ ಬರುವ ಹಳದಿ ವೈರ್, ಹಳದಿ ಕನೆಕ್ಟರ್. ಕಾರಿನಲ್ಲಿ ಹಳದಿ ವೈರ್ ಕಂಡರೆ ಏರ್‌ಬ್ಯಾಗಿನದು ಅಂತ ತಿಳಿದು ಕೈ ದೂರ ಇಡಬೇಕು. ಸ್ಟೀರಿಯೋ ಹಾಕುವವರು, ಕ್ಯಾಮೆರಾ ಹಾಕುವವರು ಆ ವೈರಿಗೆ ಜೋಡಣೆ ಕೊಟ್ಟದ್ದನ್ನು ತಾನು ನೋಡಿದ್ದೇನೆ ಅಂತ ಚಾಚಾ ತಲೆ ಚಚ್ಚಿಕೊಂಡರು.

ಕನೆಕ್ಟರ್ ಮುಟ್ಟುವ ಮುಂಚೆ ಬಾಗಿಲಿನ ಕಬ್ಬಿಣದ ಕೊಂಡಿಯನ್ನು ಬರಿಗೈಯಲ್ಲಿ ಹಿಡಿದರು. ಮೈಯಲ್ಲಿನ ಸ್ಟ್ಯಾಟಿಕ್ ಕರೆಂಟ್ ಇಳಿಯಲಿ ಅಂತ. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟ್‌ಪಟ್ ಅನ್ನುತ್ತದಲ್ಲ, ಅದೇ. ಕನೆಕ್ಟರಿಗೆ ಎರಡು ಲಾಕ್. ಮೊದಲು ಸಣ್ಣ ಸ್ಕ್ರೂಡ್ರೈವರಿನಿಂದ ಮೇಲಿನ ಬೀಗ ಎತ್ತಿ, ಆಮೇಲೆ ಕನೆಕ್ಟರನ್ನೇ ಹಿಡಿದು ಎಳೆದರು, ವೈರ್ ಹಿಡಿದು ಅಲ್ಲ. ಬಿಚ್ಚಿದ ಕೂಡಲೇ ಕನೆಕ್ಟರ್ ಒಳಗಿನ ಒಂದು ಸಣ್ಣ ತಗಡಿನ ಪಟ್ಟಿ ಎರಡೂ ಪಿನ್‌ಗಳನ್ನು ಕೂಡಿಸಿಬಿಡುತ್ತದಂತೆ. ಹೊರಗಿನ ಯಾವ ಕರೆಂಟೂ ಕಿಡಿ ಕೊಡಬಾರದು ಅಂತ ಮಾಡಿದ ಏರ್ಪಾಡು.

ಹುಡುಗನೊಬ್ಬ ಮಲ್ಟಿಮೀಟರ್ ತಂದ. ಅಲ್ಲಿ ಅವನಿಗೆ ಒಂದು ಬೈಗುಳ ಬಿತ್ತು. ಯಾಕೆ, ಮೀಟರ್ ಹಚ್ಚಿ ನೋಡಿದರೆ ಏನಾಗುತ್ತದೆ ಅಂತ ನಾನೇ ಕೇಳಿದೆ.

"ಮೀಟರ್ ಒಳಗೂ ಬ್ಯಾಟರಿ ಅದಲ್ರಿ. ಅದರ ಕರೆಂಟ ಸಾಕು ಇದಕ್ಕ."

ರೆಸಿಸ್ಟೆನ್ಸ್ ಅಳೆಯುವಾಗ ಮೀಟರ್ ತನ್ನ ಕರೆಂಟನ್ನೇ ಒಳಗೆ ಹರಿಸಿ ಅಳೆಯುತ್ತದೆ. ಆ ಕರೆಂಟ್ ಕಿಡಿ ಕೊಟ್ಟುಬಿಡುವ ಅಪಾಯ ಇದೆ. ಕಂಪನಿಯ ಪುಸ್ತಕಗಳೂ ಏರ್‌ಬ್ಯಾಗ್ ಮಾಡ್ಯೂಲಿಗೆ, ಅಂದರೆ ಆ ಡಬ್ಬಿಗೆ, ನೇರವಾಗಿ ಮೀಟರ್ ಹಚ್ಚಬೇಡಿ ಅಂತಲೇ ಹೇಳುತ್ತವೆ. ಆ ಹುಡುಗ ಐಟಿಐ ಓದಿದವನು, ಚಾಚಾ ಶಾಲೆ ಬಿಟ್ಟವರು. ಮೀಟರ್ ಪೆಟ್ಟಿಗೆಗೆ ವಾಪಸ್ ಹೋಯಿತು.

ಮಾಡ್ಯೂಲನ್ನು ಡ್ಯಾಶ್‌ಬೋರ್ಡಿನ ಹಿಂದಿನ ಕಬ್ಬಿಣದ ಅಡ್ಡಪಟ್ಟಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಮೇಲ್ಗಡೆ ಅದರ ಕೊಕ್ಕೆಗಳು ಮುಚ್ಚಳದ ತೂತುಗಳಿಗೆ ಸಿಕ್ಕಿಕೊಂಡಿರುತ್ತವೆ. ಬೋಲ್ಟ್ ಬಿಚ್ಚಿ ಕೊಕ್ಕೆ ತಪ್ಪಿಸುವಾಗ ಅವಸರ ಮಾಡಿದರೆ ಡ್ಯಾಶ್‌ಬೋರ್ಡ್ ಮೇಲೆ ಗೀರು ಬೀಳುತ್ತದೆ, ಇಲ್ಲ ಕೊಕ್ಕೆ ಸೊಟ್ಟ ಆಗುತ್ತದೆ. ಈ ಕೆಲಸಕ್ಕೆ ಅವರು ತುಂಬ ಹೊತ್ತು ತಗೊಂಡರು. ಹೊರಗೆ ಬಂದ ಡಬ್ಬಿಯನ್ನು ಬ್ಯಾಗ್ ತೆರೆಯುವ ಮುಖ ಆಚೆ ಕಡೆ ಇರುವಂತೆ, ಎದೆಗೆ ಒತ್ತಿಕೊಳ್ಳದೆ ಹಿಡಿದು ಹಿಂದಿನ ಕೋಣೆಗೆ ಒಯ್ದರು. ಅಲ್ಲಿ ಒಂದು ಕಬ್ಬಿಣದ ರ್‍ಯಾಕ್, ಅದರ ಮೇಲೆ ಇದೊಂದೇ ಸಾಮಾನು. ಮುಖ ಮೇಲೆ ಮಾಡಿ ಇಟ್ಟರು. ಕವುಚಿ ಹಾಕಿ ಇಟ್ಟಾಗ ಹಾರಿದರೆ ಬ್ಯಾಗ್ ನೆಲಕ್ಕೆ ಒದ್ದು ಡಬ್ಬಿಯೇ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಮುಖ ಇದ್ದರೆ ಬ್ಯಾಗಷ್ಟೇ ಗಾಳಿಗೆ ತೆರೆದುಕೊಳ್ಳುತ್ತದೆ. ಅದಕ್ಕೇ ಅದರ ಮೇಲೆ ಏನೂ ಇಡಬಾರದು. ವೆಲ್ಡಿಂಗ್, ಬಿಸಿ, ನೀರು, ಗ್ರೀಸ್ ಹತ್ತಿರ ಬರಬಾರದು. ರ್‍ಯಾಕ್ ಮೇಲೆ ಸೀಮೆಸುಣ್ಣದಲ್ಲಿ 'ಮುಟ್ಟಬ್ಯಾಡ್ರಿ' ಅಂತ ಬರೆದಿತ್ತು. ಬಾಗಿಲಿಗೆ ಚಿಲಕ ಹಾಕಿದರು.

ಇಷ್ಟೆಲ್ಲ ಎಚ್ಚರಿಕೆ ಒಂದು ಗಾಳಿಚೀಲಕ್ಕೆ ಯಾಕೆ ಅನ್ನಿಸಬಹುದು. ಗುದ್ದಿದ ಮೇಲೆ ಅದು ಪೂರ್ತಿ ಉಬ್ಬುವುದಕ್ಕೆ ತಗೊಳ್ಳುವುದು ಸೆಕೆಂಡಿನ ಸಾವಿರ ಭಾಗದಲ್ಲಿ ಸುಮಾರು 30ರಿಂದ 50 ಭಾಗ. ಕಣ್ಣು ಮಿಟುಕಿಸಲೂ ಅದಕ್ಕಿಂತ ಜಾಸ್ತಿ ಬೇಕು. ಪಕ್ಕದ ಸೀಟಿನ ಬ್ಯಾಗ್ ಸ್ಟೇರಿಂಗಿನದಕ್ಕಿಂತ ದೊಡ್ಡದು, ಯಾಕೆಂದರೆ ಕೂತವರಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಜಾಗ ಹೆಚ್ಚು. ಅಷ್ಟು ಗ್ಯಾಸ್ ಅಷ್ಟು ಬೇಗ ಬೇಕಾದರೆ ಒಳಗೆ ಮದ್ದೇ ಉರಿಯಬೇಕು. ಮೊದಲಿನ ಏರ್‌ಬ್ಯಾಗ್‌ಗಳಲ್ಲಿ ಸೋಡಿಯಂ ಅಜೈಡ್ ಇರುತ್ತಿತ್ತು. ನಮ್ಮ ಮೆಡಿಕಲ್ ಕಡೆಯವರಿಗೆ ಅದರ ಪರಿಚಯ ಉಂಟು, ಲ್ಯಾಬಿನ ಕೆಲವು ದ್ರಾವಣಗಳು ಕೆಡದಂತೆ ಒಂದು ಚೂರು ಹಾಕುತ್ತಾರೆ. ವಿಷ. ಉರಿದಾಗ ನೈಟ್ರೋಜನ್ ಬಿಡುತ್ತದೆ. ಈಗ ಹೆಚ್ಚಿನ ಕಂಪನಿಗಳು ಅದನ್ನು ಬಿಟ್ಟು ಗ್ವಾನಿಡಿನ್ ನೈಟ್ರೇಟ್ ಥರದವನ್ನು ಬಳಸುತ್ತವೆ. ಏನೇ ಇರಲಿ, ಹಾರದ ಏರ್‌ಬ್ಯಾಗನ್ನು ಗುಜರಿಗೆ ಹಾಕಬಾರದು, ಮಕ್ಕಳ ಕೈಗೆ ಸಿಗಬಾರದು.

ಏರ್‌ಬ್ಯಾಗ್ ಹೊರಗೆ ಹೋದ ಮೇಲೆ ಡ್ಯಾಶ್‌ಬೋರ್ಡ್ ಬಿಚ್ಚುವುದು, ಕಾಯಿಲ್ ಬದಲಿಸುವುದು ಎಲ್ಲ ಮಾಮೂಲಿ ಕೆಲಸ. ಹಳೆಯ ಕಾಯಿಲ್ ಕೆಳಮೂಲೆಯಲ್ಲಿ ಎಣ್ಣೆ ಜಿಡ್ಡು ಕಟ್ಟಿತ್ತು, ಸೋರಿದ್ದು ಅಲ್ಲೇ. ಹೊಸದು ಹಾಕಿ, ಕಾಯಿಲಿಗೆ ಹೋಗುವ ಗ್ಯಾಸಿನ ಅಳತೆ ಹಿಡಿಯುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಬದಲಿಸಿ, ವ್ಯಾಕ್ಯೂಮ್ ಎಳೆದು, ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಡ್ಯಾಶ್‌ಬೋರ್ಡ್ ಮುಚ್ಚಿದರು.

ನಡುವೆ ಇನ್ನೊಂದು ಗಾಡಿ ಒಳಗೆ ಬರಬೇಕಾಗಿ ನಮ್ಮದನ್ನು ಹಿಂದೆ ಸರಿಸಬೇಕಾಯಿತು. ಹುಡುಗ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಲೇ ಅಂದ. ಬೇಡ ಅಂದರು. ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿರುವಾಗ ಕೀ ಆನ್ ಮಾಡಿದರೆ ಕಂಟ್ರೋಲ್ ಬಾಕ್ಸ್ ಅದನ್ನು ದೋಷ ಅಂತ ನೆನಪಿಟ್ಟುಕೊಂಡು ಲೈಟ್ ಹಚ್ಚುತ್ತದೆ. ಆಮೇಲೆ ದೋಷ ಓದುವ ಸ್ಕ್ಯಾನರ್ ಹಾಕಿ ಅಳಿಸಬೇಕು. ಹೀಗಾಗಿ ಮೂರು ಜನ ಸೇರಿ ತಳ್ಳಿದರು.

ವಾಪಸ್ ಕೂರಿಸುವಾಗ ಹೊಸ ವಿಷಯ ಒಂದು ಬಂತು. ನಮ್ಮ ಮಾವನವರು ಎಡಗಡೆ ಏರ್‌ಬ್ಯಾಗ್ ಮುಚ್ಚಳದ ಮೇಲೆಯೇ ಹಿತ್ತಾಳೆಯ ಬಸವಣ್ಣನ ಮೂರ್ತಿ ಅಂಟಿಸಿದ್ದರು. ಬ್ಯಾಗ್ ಹಾರಿದರೆ ಮೂರ್ತಿ ನೇರ ಮುಖಕ್ಕೆ ಬಡಿಯುತ್ತದೆ ಅಂತ ಚಾಚಾ ತುಂಬ ಸಂಕೋಚದಿಂದ ಹೇಳಿದರು. "ದೇವರ ವಿಷಯ, ನೀವ ಹೇಳ್ರಿ ಅಕ್ಕಾರ." ಮಾವನವರಿಗೆ ಫೋನ್ ಮಾಡಿದೆ. ಮೊದಲು ಸುಮ್ಮನಾದರು. ಆಮೇಲೆ "ಮನ್ಯಾಗ ತಂದ ಇಡ್ರಿ" ಅಂದರು. ಅತ್ತರಿನ ಬಾಟಲಿ, ಮೊಬೈಲ್ ಸ್ಟ್ಯಾಂಡ್, ಅಂಟಿನ ಮ್ಯಾಟ್ ಇವಕ್ಕೂ ಇದೇ ಮಾತು. ಮುಂದಿನ ಸೀಟಿನಲ್ಲಿ ಕೂಸು ತೊಡೆ ಮೇಲೆ ಇಟ್ಟುಕೊಂಡು ಕೂರುವುದು ನಮ್ಮ ಕಡೆ ಸಾಮಾನ್ಯ. ಏರ್‌ಬ್ಯಾಗ್ ಇರುವ ಸೀಟಿನಲ್ಲಿ ಅದು ಬಹಳ ಅಪಾಯ. ಕೂಸು ಹಿಂದಿನ ಸೀಟಿನಲ್ಲೇ ಇರಬೇಕು. ಹಿಂದಕ್ಕೆ ಮುಖ ಮಾಡಿದ ಬೇಬಿ ಸೀಟನ್ನು ಮುಂದೆ ಹಾಕಬೇಡಿ ಅಂತ ಬಿಸಿಲು ಮರೆಯ ಮೇಲೆ ಚಿತ್ರ ಸಮೇತ ಅಂಟಿಸಿರುತ್ತಾರೆ. ಮಾತ್ರೆ ಡಬ್ಬಿಯ ಸಣ್ಣ ಅಕ್ಷರವನ್ನೇ ಜನ ಓದುವುದಿಲ್ಲ, ಇದನ್ನು ಯಾರು ಓದುತ್ತಾರೆ ಬಿಡಿ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಜೋಡಿಸುವಾಗ ಕಾರಿನೊಳಗೆ ಯಾರೂ ಇರಬಾರದು ಅಂದರು. ಚಾಚಾ ಡ್ರೈವರ್ ಬಾಗಿಲ ಹೊರಗೆ ನಿಂತು, ಮುಖ ದೂರ ಇಟ್ಟು, ಕೈ ಮಾತ್ರ ಒಳಗೆ ಚಾಚಿ ಕೀ ತಿರುಗಿಸಿದರು. ಮೀಟರಿನಲ್ಲಿ ಏರ್‌ಬ್ಯಾಗ್ ಲೈಟ್ ಹತ್ತಿತು, ಕೆಲವು ಸೆಕೆಂಡ್ ಬಿಟ್ಟು ಆರಿತು. ಹೀಗೆ ಹತ್ತಿ ಆರಬೇಕು. ಹತ್ತದೇ ಇದ್ದರೂ ತಪ್ಪು, ಆರದೇ ಇದ್ದರೂ ತಪ್ಪು. ಆಮೇಲೆ ಸ್ಕ್ಯಾನರ್ ಹಾಕಿ ಯಾವ ದೋಷವೂ ಇಲ್ಲ ಅಂತ ತೋರಿಸಿದರು. ಏರ್‌ಬ್ಯಾಗ್ ಮತ್ತೆ ಒಳಗೆ ಕೂತಿದೆ ಅಂತ ಗ್ಲೋವ್ ಬಾಕ್ಸ್ ಹಾಕುವ ಮುಂಚೆ ನನಗೆ ಫೋಟೋ ತೆಗೆದುಕೊಳ್ಳಲು ಹೇಳಿದ್ದರು, ನಾನು ಕೇಳಿರಲಿಲ್ಲ. ಸ್ಕ್ಯಾನರನ್ನು ರೆಸಿಸ್ಟರ್ ಮೋಸ ಮಾಡಬಹುದು, ಫೋಟೋವನ್ನು ಮಾಡಲಾಗುವುದಿಲ್ಲ. ಯಾವ ಗ್ಯಾರೇಜಿಗೆ ಹೋದರೂ ಈ ಫೋಟೋ ಕೇಳಿ ಪಡೆಯಿರಿ.

ದುಡ್ಡಿನ ಮಾತು. ಕಾಯಿಲ್, ವಾಲ್ವ್, ಗ್ಯಾಸ್, ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು. ಮೊದಲು ಕೇಳಿದ ಕಡೆಗಿಂತ ಒಂದೂವರೆ ಸಾವಿರ ಜಾಸ್ತಿ. ಏರ್‌ಬ್ಯಾಗ್ ಬಿಚ್ಚಿ ಹಾಕಿದ್ದಕ್ಕೆ ಬೇರೆ ದುಡ್ಡು ಹಿಡಿಯಲಿಲ್ಲ. ಸ್ಕ್ಯಾನಿಂಗಿಗೆ ಮಾತ್ರ ಬೇರೆ.

ಇನ್ನು ಒಂದು ಸ್ಟಾರ್ ಹೋದದ್ದು ಯಾಕೆ? ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇಲ್ಲ. ಹತ್ತಿರದ ಪೆಟ್ರೋಲ್ ಬಂಕಿಗೆ ಹೋಗಬೇಕು. ಇಡೀ ದಿನದ ಕೆಲಸ ಮಾಡುವ ಜಾಗದಲ್ಲಿ ಇದು ದೊಡ್ಡ ಕೊರತೆ. ಸಂಜೆ ಕೊಡುತ್ತೇವೆ ಅಂದ ಗಾಡಿ ಮರುದಿನ ಮಧ್ಯಾಹ್ನ ಕೈಗೆ ಬಂತು. ಬಿಲ್ ಕೇಳಿದರೆ ಮೊದಲು ಒಂದು ಚೀಟಿಯಲ್ಲಿ ಬರೆದುಕೊಟ್ಟರು, ಸರಿಯಾದ ಬಿಲ್ಲಿಗೆ ಎರಡನೇ ಸಲ ಕೇಳಬೇಕಾಯಿತು. ಡ್ಯಾಶ್‌ಬೋರ್ಡಿನ ಎಡಮೂಲೆಯಿಂದ ಅಥಣಿ ರಸ್ತೆಯ ಹಂಪ್‌ಗಳಲ್ಲಿ ಕಿರ್ ಕಿರ್ ಸದ್ದು ಬರುತ್ತಿತ್ತು. ತೋರಿಸಿದಾಗ ಕ್ಲಿಪ್ ತೆಗೆದು ಫೆಲ್ಟ್ ಟೇಪ್ ಸುತ್ತಿ ಹಾಕಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಈಗ ಸದ್ದು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮೊದಲಿನಷ್ಟು ಗಟ್ಟಿ ಕೂರುವುದಿಲ್ಲ ಅಂತ ಅವರೇ ಮೊದಲೇ ಹೇಳಿದ್ದರು.

ಹೋಗುವವರಿಗೆ: ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮುಚ್ಚಿರುತ್ತದೆ. ಫೋನ್ ಸರಿಯಾಗಿ ಎತ್ತುವುದಿಲ್ಲ, ನೇರ ಹೋಗುವುದೇ ಒಳ್ಳೆಯದು. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಇದ್ದರೆ ಫೆಬ್ರವರಿ ಒಳಗೆ ಮಾಡಿಸಿಕೊಳ್ಳಿ. ಏಪ್ರಿಲ್ ಬಂತೆಂದರೆ ಬೇವಿನ ಮರದ ಕೆಳಗೆ ಗಾಡಿಗಳ ಸಾಲು ನಿಂತಿರುತ್ತದೆ, ಆಗ ಚಾಚಾ ಕೂಲಿಂಗ್ ಕಾಯಿಲ್ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ.